ಮರಿಯಯ್ಯನ ನಾಲ್ಕು ಕೆಪಾಸಿಟರುಗಳು

ಮನೆ ಅಳಿಯನಾಗಿ ಬಂದವನು ಮಾವನ ಕಣ್ಣೆದುರು ಏನಾದರೊಂದು ಮಾಡಿ ತೋರಿಸುತ್ತೇನೆಂದು ಹೊರಟರೆ ನೆರೆಹೊರೆಯವರು ಹುಷಾರಾಗಿರಬೇಕು. ಸುಮ್ಮನೆ ಉಂಡುಕೊಂಡು, ಸಂಜೆ ಹೊತ್ತು ಒಂದು ಸುತ್ತು ಹಾಕಿಕೊಂಡು ಬರುವ ಅಳಿಯನಿಂದ ಯಾರಿಗೂ ತೊಂದರೆಯಿಲ್ಲ. ಕುಂಬಾರಕೊಪ್ಪಲಿನ ಮರಿಯಯ್ಯ ಇಪ್ಪತ್ತೆರಡು ವರ್ಷ ಹಾಗೇ ಇದ್ದ. ಬೀದಿಗೆ ಬೀದಿಯೇ ಅವನನ್ನು ಒಳ್ಳೆಯ ಮನುಷ್ಯ ಎನ್ನುತ್ತಿತ್ತು. ಅವನ ಕೈಗೆ ಮಿಲ್ಲಿನ ಕೀ ಗೊಂಚಲು ಬಂದದ್ದೇ ತಡ, ಎಲ್ಲರ ನೆಮ್ಮದಿಯೂ ಕೆಟ್ಟಿತು.

ಮಿಲ್ಲು ಮಾವ ಚಿಕ್ಕಣ್ಣನದು. ರಾಗಿ, ಗೋಧಿ, ಖಾರದಪುಡಿ, ಹುಳಿಪುಡಿ ಬೀಸಿಕೊಡುವ ಮಿಲ್ಲು. ನಲವತ್ತು ವರ್ಷದಿಂದ ಅದೇ ಬೀದಿ, ಅದೇ ತಗಡಿನ ಬಾಗಿಲು. ಎಂಬತ್ತೊಂದು ತುಂಬಿದ ಚಿಕ್ಕಣ್ಣ ಹೋದ ವರ್ಷದ ಆಯುಧಪೂಜೆಯ ದಿನ ಮೋಟಾರಿಗೆ ಮಂಗಳಾರತಿ ಎತ್ತಿದ ಮೇಲೆ ಕೀ ಗೊಂಚಲಿಗೆ ಕುಂಕುಮ ಹಚ್ಚಿ ಅಳಿಯನ ಅಂಗೈ ಮೇಲಿಟ್ಟ.

“ಒಂದು ವರ್ಸ ನೋಡ್ತೀನಿ ಅಳಿಮಯ್ಯ. ನಿನ್ನ ದೆಸೆಯಿಂದ ಒಂದು ದಿನ ಮಿಲ್ಲು ನಿಂತ್ರೂ ಕೀ ಇಸ್ಕೊಂಡು ಮಂಡಕಳ್ಳಿ ಮಹದೇವಂಗೆ ಕೊಟ್ಬುಡ್ತೀನಿ. ಆಮೇಲೆ ಬ್ಯಾಸರ ಮಾಡ್ಕಬ್ಯಾಡ.”

ಮಂಡಕಳ್ಳಿ ಮಹದೇವ ಕಿರಿಯ ಅಳಿಯ. ಅಲ್ಲಿನ ವಿಮಾನ ನಿಲ್ದಾಣದಲ್ಲಿ ಟ್ಯಾಕ್ಸಿ ಓಡಿಸುತ್ತಿದ್ದ. ಅವತ್ತಿನಿಂದ ಅವನು ಯಾವ ಪ್ಯಾಸೆಂಜರನ್ನು ಊರೊಳಕ್ಕೆ ಕರೆತಂದರೂ ವಾಪಸು ಹೋಗುವಾಗ ಮಿಲ್ಲಿನ ಮುಂದೆ ಗಾಡಿ ನಿಧಾನ ಮಾಡಿ, ಮೋಟಾರು ತಿರುಗುತ್ತಿದೆಯೇ ಎಂದು ಕಿವಿಗೊಟ್ಟು ಕೇಳಿಕೊಂಡು ಹೋಗುವುದನ್ನು ವ್ರತದಂತೆ ನಡೆಸಿದ. ಮಂಡಕಳ್ಳಿಗೆ ಹೋಗುವವನಿಗೆ ಕುಂಬಾರಕೊಪ್ಪಲು ಯಾವ ಲೆಕ್ಕದಲ್ಲೂ ದಾರಿಯಲ್ಲ.

ಕೀ ಕೊಟ್ಟರೂ ಚಿಕ್ಕಣ್ಣ ಜಾಗ ಬಿಟ್ಟುಕೊಡಲಿಲ್ಲ. ಮಿಲ್ಲಿನೊಳಗಿನ ಕಲ್ಲುಬೆಂಚಿನ ಮೇಲೆ, ಎಲೆಅಡಿಕೆ ಚೀಲವನ್ನು ಪಕ್ಕದಲ್ಲಿಟ್ಟುಕೊಂಡು ಬೆಳಗಿನಿಂದ ಕೂತಿರುತ್ತಿದ್ದ. ಮಧ್ಯಾಹ್ನ ಊಟವಾದ ಮೇಲೆ ಅಲ್ಲೇ ಎರಡು ಗಂಟೆ ನಿದ್ದೆ. ಅಳಿಯ ಮಾಡಿದ್ದನ್ನೆಲ್ಲ ನೋಡುತ್ತಿದ್ದ, ಬಾಯಿ ಬಿಡುತ್ತಿರಲಿಲ್ಲ. ಬೈದಿದ್ದರೆ ಮರಿಯಯ್ಯನಿಗೆ ಎಷ್ಟೋ ವಾಸಿಯಿತ್ತು. ಮಾವ ಒಂದು ಸಲ, ಒಂದೇ ಒಂದು ಸಲ, ‘ಭಲೇ ಅಳಿಮಯ್ಯ’ ಅನ್ನಬೇಕು ಎಂಬುದು ಅವನ ಜೀವಮಾನದ ಆಸೆಯಾಗಿತ್ತು.

ಇಂಥ ಹೊತ್ತಿನಲ್ಲಿ ಸುಪ್ರೀತ್ ಬಂದ. ಬೆನ್ನಿಗೊಂದು ಬ್ಯಾಗು, ಕುತ್ತಿಗೆಗೊಂದು ಟೈ, ಬಾಯಿತುಂಬ ಸರ್. ಯಾವುದೋ ಕಂಪನಿಯ ಮೋಟಾರು ಡ್ರೈವ್ ಮಾರುವವನು.

“ಈ ಡಬ್ಬ ಹಾಕಿಸ್ಕೊಂಡ್ರೆ ಮೋಟಾರು ಜಗ್ಗಿ ಎಳೆಯಲ್ಲ ಸರ್, ಮೆತ್ತಗೆ ಎದ್ದೇಳುತ್ತೆ. ರಾಗಿಗೊಂದು ಸ್ಪೀಡು, ಗೋಧಿಗೊಂದು ಸ್ಪೀಡು. ಇಲ್ಲಿ ಹಸಿರು ಲೈಟಲ್ಲಿ ನಂಬರು ಬರುತ್ತೆ.”

“ನಂಬರು ಆ ಬೆಂಚ್ ಮೇಲೆ ಕೂತೋರಿಗೂ ಕಾಣ್ಸುತ್ತಾ?” ಎಂದ ಮರಿಯಯ್ಯ, ಧ್ವನಿ ತಗ್ಗಿಸಿ.

“ರೋಡಿಗೇ ಕಾಣ್ಸುತ್ತೆ ಸರ್.”

ಅಲ್ಲಿಗೆ ವ್ಯಾಪಾರ ಮುಗಿಯಿತು. ಬ್ಯಾಗಿನ ಜಿಪ್ ಎಳೆಯುವಾಗ ಸುಪ್ರೀತ್ ನೆನಪಿಸಿಕೊಂಡು, “ಇದರ ಜೊತೆ ಒಂದು ಚೋಕ್ ಹಾಕ್ಕೊಂಡ್ರೆ ಒಳ್ಳೇದು ಸರ್, ಲೈನಿಗೆ ತೊಂದ್ರೆ ಆಗಲ್ಲ” ಎಂದ.

“ಅದರಲ್ಲೂ ನಂಬರು ಬರುತ್ತಾ?”

“ಇಲ್ಲ ಸರ್. ಅದು ಬರೀ ತಂತಿ ಸುರುಳಿ.”

“ಹಾಗಾದ್ರೆ ಬೇಡ ಬುಡಿ.”

ಮುಂದಿನ ವಾರ ಮಿಲ್ಲಿನ ನೆತ್ತಿಯ ಮೇಲೆ ‘ಕಂಪ್ಯೂಟರೀಕೃತ ಹಿಟ್ಟಿನ ಗಿರಣಿ’ ಎಂಬ ಬೋರ್ಡು ಏರಿತು. ಡ್ರೈವಿನ ಮುಖದ ಮೇಲೆ 42.6 ಎಂದು ಹಸಿರು ಅಂಕಿ ಮಿನುಗಿತು. ಮರಿಯಯ್ಯ ಎದೆಯುಬ್ಬಿಸಿ ಮಾವನ ಕಡೆ ನೋಡಿದ. ಚಿಕ್ಕಣ್ಣ ಎಲೆಗೆ ಸುಣ್ಣ ಸವರುತ್ತಾ, “ಏಸು ಡಿಗ್ರಿ ಜ್ವರ ಐತೆ ಅದುಕ್ಕೆ?” ಎಂದು ಕೇಳಿ ಎಲೆಯನ್ನು ಬಾಯಿಗಿಟ್ಟುಕೊಂಡ.

ತಿಂಗಳ ಕೊನೆಗೆ ಕರೆಂಟ್ ಬಿಲ್ಲು ಬಂತು. ಅದರಲ್ಲಿ ಪವರ್ ಫ್ಯಾಕ್ಟರ್ ಎಂಬ ಒಂದು ಮನೆ. ಅದರ ಮುಂದೆ 0.74. ಹಳೆಯ ಬಿಲ್ಲುಗಳನ್ನು ಮರಿಯಯ್ಯ ಯಾವತ್ತೂ ನೋಡಿದವನಲ್ಲ. ಇದು ಒಂದಕ್ಕೆ ಇಷ್ಟು ಎಂದು ಕೊಡುವ ಅಂಕ ಎಂಬುದನ್ನು ಎದುರಿನ ಜೆರಾಕ್ಸ್ ಅಂಗಡಿ ಕುಮಾರಸ್ವಾಮಿಯಿಂದ ತಿಳಿದುಕೊಂಡ. ಅಂದರೆ ನೂರಕ್ಕೆ ಎಪ್ಪತ್ನಾಲ್ಕು!

“ಫಸ್ಟ್ ಕ್ಲಾಸು ಕಣೇ!” ಎಂದು ಹೆಂಡತಿ ಚೆಲುವಮ್ಮನಿಗೆ ಬಿಲ್ಲು ತೋರಿಸಿದ.

“ನಮ್ ಸುಷ್ಮಿತಾಗೂ ಎಸ್ಸೆಸ್ಸೆಲ್ಸೀಲಿ ಎಪ್ಪತ್ನಾಲ್ಕೇ ಬಂದಿದ್ದು. ನೀವು ಕಾಲೇಜು ಸೇರೋದಾದ್ರೆ ಸೇರಿ” ಎಂದಳು ಚೆಲುವಮ್ಮ, ಒಗ್ಗರಣೆ ಕಡೆಯಿಂದ ಮುಖ ತಿರುಗಿಸದೆ.

ಮರಿಯಯ್ಯ ಅರ್ಧ ಕೆಜಿ ಮೈಸೂರು ಪಾಕು ತಂದು ಬೀದಿಗೆಲ್ಲ ಹಂಚಿದ. ಕುಮಾರಸ್ವಾಮಿ ಎರಡು ತುಂಡು ತಿಂದ, ಬೆರಳಿನ ತುಪ್ಪವನ್ನು ಅರ್ಜಿ ಫಾರಮ್ಮಿಗೆ ಒರೆಸಿಕೊಂಡ, ನೀರು ಕುಡಿದ, ಆಮೇಲೆ ಬಿಲ್ಲಿನ ಕೆಳಗಿನ ಸಾಲಿಗೆ ಬೆರಳಿಟ್ಟು ಹೇಳಿದ: “ಮರಿಯಣ್ಣ, ಇಲ್ಲಿ ದಂಡ ಹಾಕವ್ರೆ. ಎಂಬತ್ತೈದಕ್ಕಿಂತ ಕಮ್ಮಿ ಬಂದ್ರೆ ಫೇಲಂತೆ.”

ನಲವತ್ತು ವರ್ಷದಲ್ಲಿ ಮಿಲ್ಲು ಫೇಲಾದದ್ದು ಅದೇ ಮೊದಲು. ಈ ವಿಷಯ ಮಾವನ ಕಿವಿಗೆ ಬೀಳುವ ಮೊದಲೇ ಮರಿಯಯ್ಯ ಸುಪ್ರೀತನಿಗೆ ಫೋನು ಮಾಡಿದ.

“ಪವರ್ ಫ್ಯಾಕ್ಟರ್ ಬಿದ್ರೆ ಕೆಪಾಸಿಟರ್ ಹಾಕ್ಬೇಕು ಸರ್. ಇದು ಎಲ್ಲರಿಗೂ ಗೊತ್ತಿರೋದೇ.”

ಎಲ್ಲರಿಗೂ ಗೊತ್ತಿರೋದೇ; ಅದೇ ತಾನೇ ಕಷ್ಟ. ಮಿಲ್ಲಿನಲ್ಲಿ ಚಿಕ್ಕಣ್ಣ ಹಾಕಿಸಿದ ಹಳೆಯ ಕೆಪಾಸಿಟರು ಒಂದು ಮೂಲೆಯಲ್ಲಿತ್ತು. ಹದಿನೈದು ವರ್ಷದಿಂದ ಅದು ಯಾರ ತಂಟೆಗೂ ಬಾರದೆ ತನ್ನ ಕೆಲಸ ಮಾಡಿಕೊಂಡಿತ್ತು. ಅದರ ಪಕ್ಕ ಎರಡನೆಯದು ಬಂತು. ಮುಂದಿನ ಬಿಲ್ಲಿನಲ್ಲಿ ಅಂಕ ಅರವತ್ತೆಂಟಕ್ಕೆ ಇಳಿಯಿತು.

“ಡೋಸೇಜು ಸಾಲ್ದು ಸರ್” ಎಂದ ಸುಪ್ರೀತ್. ಮೂರನೆಯದು ಬಂತು. ಅಂಕ ಅರವತ್ತೊಂದಾಯಿತು. ಕೆಪಾಸಿಟರುಗಳ ಪೆಟ್ಟಿಗೆ ಈಗ ಬೆಳಗಿನಿಂದ ಸಂಜೆಯ ತನಕ ಗುಯ್ ಎನ್ನತೊಡಗಿತು. ಮಧ್ಯಾಹ್ನದ ನಿದ್ದೆಗೆ ಒರಗಿದ ಚಿಕ್ಕಣ್ಣ ಆ ಮಗ್ಗುಲಿಂದ ಈ ಮಗ್ಗುಲಿಗೆ ಹೊರಳಾಡಿದ. ಬೀದಿಯ ಬಲ್ಬುಗಳು ಮಿಣಮಿಣ ಎಂದವು. ಫ್ಯಾನುಗಳು ಮೂಗಿನಲ್ಲಿ ಹಾಡಿದವು. ಗಣಪತಿಯನ್ನು ಮಾಡಲು ಹೋಗಿ ಅವನ ಅಪ್ಪನನ್ನು ಮಾಡಿದ್ದಾನೆಂದು ಮರಿಯಯ್ಯನಿಗೆ ಇನ್ನೂ ಹೊಳೆದಿರಲಿಲ್ಲ.

ಒಂದು ಸೋಮವಾರ ಬೆಳಿಗ್ಗೆ ಮಿಲ್ಲಿನ ಬಾಗಿಲ ಮೇಲೆ ಕರೆಂಟ್ ಆಫೀಸಿನ ನೋಟೀಸು ಅಂಟಿತ್ತು. ಬೀದಿ ಸೇರಿತು. ಕುಮಾರಸ್ವಾಮಿ ಗಂಟಲು ಸರಿಮಾಡಿಕೊಂಡು ಓದಿದ:

“ಸದರಿ ಸ್ಥಾವರದಲ್ಲಿ ವಿದ್ಯುತ್ ತರಂಗವು ವಿರೂಪಗೊಂಡು ಪವರ್ ಫ್ಯಾಕ್ಟರ್ ನಿಗದಿತ ಮಟ್ಟಕ್ಕಿಂತ ಕೆಳಗಿಳಿದಿರುವುದರಿಂದಲೂ, ಸದರಿ ವಿರೂಪವು ನೆರೆಯ ಗ್ರಾಹಕರಿಗೆ ಬಾಧಕವಾಗುವ ಸಂಭವವಿರುವುದರಿಂದಲೂ, ದಸರಾ ಕಳೆದ ಮೂರನೆಯ ದಿನ ತಪಾಸಣೆ ನಡೆಸಿ, ಸರಿಪಡಿಸದೆ ಇದ್ದಲ್ಲಿ ಸಂಪರ್ಕ ಕಡಿತಗೊಳಿಸಲಾಗುವುದು.”

“ಅಂದ್ರೇನ್ರೀ?” ಎಂದಳು ಮಿಲ್ಲಿನ ಪಕ್ಕದ ಮನೆ ಚಾಮುಂಡೇಶ್ವರಿ.

“ಕರೆಂಟು ಕೆಟ್ಟೋಗದೆ ಅಂತ ಕಣಕ್ಕ. ಮಿಲ್ಲೊಳಕ್ಕೆ ಹೋಗಿ ಕೆಟ್ಟು, ವಾಪಸ್ ಆಚೆಗೆ ಬಂದು ನಮ್ಮನೆಗಳಿಗೆಲ್ಲ ಹಂಚಿಕೆ ಆಯ್ತಾ ಅದೆ.”

ಈ ಮಾತಿನಲ್ಲಿ ಸ್ವಲ್ಪ ನಿಜವೂ ಇತ್ತು ಎಂಬುದು ಮರಿಯಯ್ಯನ ದುರದೃಷ್ಟ. ಉಳಿದ ನಿಜವನ್ನು ಬೀದಿಯೇ ಸೇರಿಸಿಕೊಂಡಿತು. ಚಾಮುಂಡೇಶ್ವರಿ ಕೆನ್ನೆಗೆ ಕೈಯಿಟ್ಟು, “ಅಯ್ಯೋ ಶಿವನೇ, ಅದಕ್ಕೇ ಮೂರು ದಿನದಿಂದ ನಮ್ ದೋಸೆ ಹಿಟ್ಟು ಉಬ್ತಾನೇ ಇಲ್ಲ! ಮಿಕ್ಸೀಲಿ ರುಬ್ಬಿದ್ದು ನಾನು!” ಎಂದಳು. ಕುಮಾರಸ್ವಾಮಿಯ ಜೆರಾಕ್ಸಿನಲ್ಲಿ ನಡುವೆ ಒಂದು ಕಪ್ಪು ಗೆರೆ ಬೀಳುತ್ತಿದ್ದುದಕ್ಕೂ ಕಾರಣ ಸಿಕ್ಕಿತು. ಆ ಗೆರೆ ಆರು ವರ್ಷದಿಂದ ಬೀಳುತ್ತಿತ್ತು, ಆದರೆ ಜನ ಅಷ್ಟೆಲ್ಲ ಹಿಂದಕ್ಕೆ ಹೋಗಲಿಲ್ಲ. ಹಾಲು ಒಡೆದದ್ದು, ಬಿಪಿ ಏರಿದ್ದು, ಯಾರದೋ ಮಗ ಗಣಿತದಲ್ಲಿ ಗೋತಾ ಹೊಡೆದದ್ದು, ಎಲ್ಲದಕ್ಕೂ ಕೆಟ್ಟ ಕರೆಂಟೇ ಮೂಲವೆಂದು ಮಧ್ಯಾಹ್ನದೊಳಗೆ ತೀರ್ಮಾನವಾಯಿತು. ಹಳ್ಳಕ್ಕೆ ಬಿದ್ದವನಿಗೆ ಆಳಿಗೊಂದು ಕಲ್ಲು.

ಮಿಲ್ಲನ್ನೇ ಬೀದಿಯಿಂದ ಎತ್ತಿಸಬೇಕೆಂದು ಅರ್ಜಿ ತಯಾರಾಯಿತು. ಬರೆದವನು ಕುಮಾರಸ್ವಾಮಿ. ಪ್ರತಿ ಮನೆಗೊಂದು ಪ್ರತಿ ಎಂದು ಅರವತ್ತು ಜೆರಾಕ್ಸು ತೆಗೆದ. ಆ ಹೊತ್ತಿನಲ್ಲಿ ಕೆಟ್ಟ ಕರೆಂಟು ಬಹಳ ಚೆನ್ನಾಗಿಯೇ ಕೆಲಸ ಮಾಡಿತು.

ಗಿರಾಕಿಗಳು ಮಾಯವಾದರು. “ಚಾಮುಂಡಕ್ಕ ರಾಗಿ ಚೀಲ ಹೊತ್ಕೊಂಡು ಒಂಟಿಕೊಪ್ಪಲು ಮಿಲ್ಲಿಗೆ ಹೋಗ್ತಾವ್ಳೆ ಕಣ್ರೀ. ನನ್ ಕಂಡು ಸೆರಗಲ್ಲಿ ಚೀಲ ಮುಚ್ಕೊಂಡ್ಳು. ಹತ್ತು ಕೆಜಿ ರಾಗೀನ ಯಾವ ಸೆರಗು ಮುಚ್ಚುತ್ರೀ?” ಎಂದು ಚೆಲುವಮ್ಮ ಕಣ್ಣಲ್ಲಿ ನೀರು ತಂದುಕೊಂಡಳು. “ಅಪ್ಪ ನಲವತ್ತು ವರ್ಷ ಕಟ್ಟಿದ್ದನ್ನ ನೀವು ಒಂದು ವರ್ಷದಲ್ಲಿ ಕೆಡವಿಬುಟ್ರಿ.”

ಕುಂಬಾರನಿಗೆ ವರ್ಷ, ದೊಣ್ಣೆಗೆ ನಿಮಿಷ ಎಂಬ ಗಾದೆಯನ್ನು ಕುಂಬಾರಕೊಪ್ಪಲಿನಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಮರಿಯಯ್ಯ ಆ ದಿನ ಊಟ ಮಾಡಲಿಲ್ಲ.

ಅವತ್ತೇ ಸಂಜೆ ಯಾದವಗಿರಿಯಿಂದ ಲಕ್ಷ್ಮೀನರಸಿಂಹ ಮೇಷ್ಟ್ರು ಹುಳಿಪುಡಿ ಡಬ್ಬದೊಂದಿಗೆ ಬಂದರು. ಎಂಜಿನಿಯರಿಂಗ್ ಕಾಲೇಜಿನಲ್ಲಿ ಮೂವತ್ತೈದು ವರ್ಷ ವಿದ್ಯುತ್ತಿನ ಪಾಠ ಹೇಳಿ ನಿವೃತ್ತರಾದವರು. ಹೆಂಡತಿ ವೇದವತಮ್ಮನವರು ಹುರಿದುಕೊಟ್ಟ ಸಾಮಾನನ್ನು ಇದೇ ಮಿಲ್ಲಿನಲ್ಲಿ ಬೀಸಿಸದಿದ್ದರೆ ಅವರ ಮನೆಯಲ್ಲಿ ಹುಳಿ ಇಳಿಯುತ್ತಿರಲಿಲ್ಲ. ಕೆಟ್ಟ ಕರೆಂಟಿನ ಸುದ್ದಿ ಕೇಳಿ ಹೆದರದೆ ಬಂದ ಒಬ್ಬರೇ ಗಿರಾಕಿ. ನೋಟೀಸು ಓದಿ, ಡ್ರೈವ್ ನೋಡಿ, ಮೂರು ಕೆಪಾಸಿಟರು ಎಣಿಸಿ, ಅವರ ಮುಖ ಅರಳಿತು. ಪಾಠಕ್ಕೆ ಒಬ್ಬ ವಿದ್ಯಾರ್ಥಿ ಸಿಕ್ಕು ಎಂಟು ವರ್ಷವಾಗಿತ್ತು.

“ನೋಡಪ್ಪ ಮರಿಯಯ್ಯ. ಕರೆಂಟು ಅನ್ನೋದು ಸೆಕೆಂಡಿಗೆ ಐವತ್ತು ಸಲ ನುಣ್ಣಗೆ ಏರಿ ಇಳಿಯುತ್ತೆ. ನಿನ್ನ ಹಳೇ ವ್ಯವಸ್ಥೆಯಲ್ಲಿ ಮೋಟಾರು ಅದನ್ನ ನುಣ್ಣಗೇ ಎಳ್ಕೋತಿತ್ತು, ಆದರೆ ಒಂದು ಹೆಜ್ಜೆ ಹಿಂದೆ ಬೀಳ್ತಿತ್ತು. ಆ ಹಿಂದೆ ಬೀಳೋದನ್ನ ಸರಿ ಮಾಡೋಕೆ ಕೆಪಾಸಿಟರ್. ಗೊತ್ತಾಯ್ತಾ?”

“ಆಯ್ತು ಸಾರ್” ಎಂದ ಮರಿಯಯ್ಯ, ಆಗದೆ.

“ಈಗ ನಿನ್ನ ಡ್ರೈವ್ ಹಿಂದೆ ಬೀಳೋದೇ ಇಲ್ಲ. ಅದರ ರೋಗವೇ ಬೇರೆ. ಅದು ಕರೆಂಟನ್ನ ನುಣ್ಣಗೆ ಎಳ್ಕೊಳಲ್ಲ, ಗಬಕ್ ಗಬಕ್ ಅಂತ ಕಿತ್ಕೊಳ್ಳುತ್ತೆ. ಬೀಸೋ ಕಲ್ಲು ಒಂದು ಸುತ್ತು ಬರೋಷ್ಟರಲ್ಲಿ ಐದು ಸಲ, ಏಳು ಸಲ ಕುಲುಕಿದ್ರೆ ಏನಾಗುತ್ತೆ?”

ಮರಿಯಯ್ಯ ಯೋಚಿಸುತ್ತಿರುವಂತೆ ಸೂರು ನೋಡಿದ. ಬೆಂಚಿನ ಮೇಲೆ ಕಣ್ಣು ಮುಚ್ಚಿ ಕೂತಿದ್ದ ಚಿಕ್ಕಣ್ಣ ಉತ್ತರ ಕೊಟ್ಟ: “ಹಿಟ್ಟು ಉದುರಕ್ಕಿಲ್ಲ. ರಟ್ಟೆ ನೋಯ್ತದೆ.”

“ಭೇಷ್! ಆ ಕುಲುಕಾಟಕ್ಕೇ ಹಾರ್ಮೋನಿಕ್ಸ್ ಅನ್ನೋದು. ಕೆಲಸಕ್ಕೆ ಬಾರದ ಕರೆಂಟು ಸುಮ್ಮನೆ ತಂತೀಲಿ ಓಡಾಡ್ತಿರುತ್ತೆ. ಹೊರೆ ಲೈನಿನ ಮೇಲೆ, ಹಿಟ್ಟು ಸೊನ್ನೆ. ಪವರ್ ಫ್ಯಾಕ್ಟರ್ ಬೀಳದೆ ಇನ್ನೇನು? ಇನ್ನು ಈ ಕೆಪಾಸಿಟರ್ ಇದೆಯಲ್ಲ, ಅದಕ್ಕೆ ಈ ಕುಲುಕಾಟ ಅಂದ್ರೆ ಪ್ರಾಣ. ತಾನೂ ಲೈನಿನ ಜೊತೆ ಸೇರ್ಕೊಂಡು ಒಂದಕ್ಕೆರಡು ಕುಲುಕಿಸುತ್ತೆ. ನೀನು ಇನ್ನೊಂದು ತಂದಷ್ಟೂ ಇನ್ನೊಂದಿಷ್ಟು ಕೆಡುತ್ತೆ. ಕೆಪಾಸಿಟರೆಲ್ಲ ತೆಗೆದುಹಾಕು, ಒಂದು ಚೋಕ್ ಹಾಕು. ಅಷ್ಟೇ ಚಿಕಿತ್ಸೆ.”

ಇಷ್ಟು ಹೊತ್ತಿನ ಪಾಠದಲ್ಲಿ ಮರಿಯಯ್ಯನಿಗೆ ಹಿಡಿದದ್ದು ‘ತೆಗೆದುಹಾಕು’ ಎಂಬ ಒಂದೇ ಮಾತು. ಮೇಷ್ಟ್ರು ಡಬ್ಬ ಹಿಡಿದು ಅತ್ತ ಹೋಗುತ್ತಲೇ ಹೆಂಡತಿಯ ಹತ್ತಿರ ಗೊಣಗಿದ: “ಪಾಪ, ವಯಸ್ಸಾಯ್ತು ಅವರಿಗೆ. ಮೂರು ಹಾಕಿದ್ರೂ ಏರದೆ ಇರೋದು ಎಲ್ಲಾ ಕಿತ್ತಾಕಿದ್ರೆ ಏರುತ್ತಂತೆ! ಔಷಧಿ ನಿಲ್ಸಿದ್ರೆ ಕಾಯಿಲೆ ವಾಸಿ ಆಗುತ್ತಾ ಎಲ್ಲಾದ್ರೂ?”

“ಕಲ್ಲು ಕುಲುಕಿದ್ರೆ ಮೊದಲು ಗೂಟ ಕಿತ್ತು ನೋಡ್ಬೇಕು” ಎಂದ ಚಿಕ್ಕಣ್ಣ. ಅದು ಯಾರಿಗೆ ಹೇಳಿದ್ದೆಂದು ಯಾರೂ ಕೇಳಲಿಲ್ಲ.

ಸುಪ್ರೀತ್ ನಾಲ್ಕನೆಯ ಕೆಪಾಸಿಟರು ತಂದ. ಇದು ಹಿಂದಿನ ಮೂರರಷ್ಟು ದಪ್ಪ. “ಇದು ರಾಮಬಾಣ ಸರ್” ಎಂದ.

ಆಯುಧಪೂಜೆ ಬಂತು. ಆ ವರ್ಷ ಮಿಲ್ಲಿನಲ್ಲಿ ಮೋಟಾರಿಗೆ ಒಂದು ಮೊಳ ಸೇವಂತಿಗೆ, ಕೆಪಾಸಿಟರುಗಳಿಗೆ ನಾಲ್ಕು ಮಾರು. ಮರಿಯಯ್ಯ ನಾಲ್ಕಕ್ಕೂ, ಅವುಗಳ ಫ್ಯೂಸುಗಳಿಗೂ ವಿಭೂತಿ ಬಳಿದು, ಕುಂಕುಮವಿಟ್ಟು, ಉದ್ದಕ್ಕೆ ಅಡ್ಡಬಿದ್ದ. “ತಂದೆ, ತೊಂಬತ್ತು ಬೇಡ, ಎಂಬತ್ತೈದು ಕೊಟ್ಬುಡಪ್ಪ ಸಾಕು” ಎಂದು ಬೇಡಿಕೊಂಡ. ಮಹದೇವ ಮಂಡಕಳ್ಳಿಯಿಂದ ಹೊಸ ಬಿಳಿ ಅಂಗಿ ತೊಟ್ಟು, ಹೆಂಡತಿಯನ್ನು ಕರೆದುಕೊಂಡು ಬಂದಿದ್ದ. ವರ್ಷ ತುಂಬುವ ದಿನ ಇವತ್ತೇ ಎಂಬುದು ಅವನಿಗೆ ಕಂಠಪಾಠವಾಗಿತ್ತು. ನೆರೆಹೊರೆಯವರೂ ಬಂದಿದ್ದರು, ಜಗಳ ಜಗಳ, ಪ್ರಸಾದ ಪ್ರಸಾದ.

ಬೂದುಗುಂಬಳ ಒಡೆದು, ಶಾಸ್ತ್ರಕ್ಕೆ ಒಂದು ನಿಮಿಷ ಮಿಲ್ಲು ತಿರುಗಿಸಲೆಂದು ಮರಿಯಯ್ಯ ಸ್ವಿಚ್ಚು ಒತ್ತಿದ. ಮೋಟಾರು ಎದ್ದಿತು. ಗುಯ್ ಎಂಬುದು ಗೊಯ್ ಆಯಿತು, ಗೊಯ್ ಎಂಬುದು ಗೋಂಯ್ ಆಯಿತು. ಚಾಮುಂಡೇಶ್ವರಿ ಕಡಲೆಪುರಿಯ ಪೊಟ್ಟಣ ಹಿಡಿದುಕೊಂಡೇ ಎರಡು ಹೆಜ್ಜೆ ಹಿಂದೆ ಸರಿದಳು.

ಢಂ!

ರಾಮಬಾಣ ಸಿಡಿಯಿತು. ನಾಲ್ಕು ಮಾರು ಸೇವಂತಿಗೆಯಲ್ಲಿ ಒಂದು ಮಾರು ಬೀದಿಯವರ ತಲೆಯ ಮೇಲೆ ಪುಷ್ಪವೃಷ್ಟಿಯಾಯಿತು. ಹೊಗೆ ತಿಳಿಯಾದಾಗ ಮಿಲ್ಲಿನೊಳಗೆ ಉಳಿದಿದ್ದವರು ಮನೆಯವರು ಮತ್ತು ಸುಟ್ಟ ಎಣ್ಣೆಯ ಚಿತ್ತಾರ ಮೂಡಿದ ಬಿಳಿ ಅಂಗಿಯ ಮಹದೇವ.

“ನಿಂತೋಯ್ತಾ ಮಾವ, ಮಿಲ್ಲು?” ಎಂದ ಅ‍ವನು. ಆ ದನಿಯಲ್ಲಿ ಎಷ್ಟು ಆಸೆಯಿತ್ತೆಂದರೆ ಅಂಗಿಯ ಚಿಂತೆಯೇ ಅವನಿಗಿರಲಿಲ್ಲ.

“ಹಬ್ಬ ಕಣಯ್ಯ. ಇವತ್ತು ಊರಿನ ಎಲ್ಲಾ ಮಿಲ್ಲೂ ನಿಂತಿರ್ತವೆ” ಎಂದ ಚಿಕ್ಕಣ್ಣ. ಆಮೇಲೆ ಮರಿಯಯ್ಯನ ಕಡೆ ತಿರುಗಿ, “ಆಪೀಸ್ನೋರು ಬಂದು ಲೈನ್ ಕಿತ್ರೆ ಮಾತ್ರ ನನ್ ಮಾತು ಮಾತೇಯ ಅಳಿಮಯ್ಯ” ಎಂದ.

ಮರಿಯಯ್ಯ ಸಿಡಿದ ಕೆಪಾಸಿಟರಿನ ತಂತಿ ಬಿಡಿಸಿ, ಅದರ ಮೇಲೆ ಹೂವು ಮುಚ್ಚಿದ. ಉಳಿದ ಮೂರನ್ನು ಚಾಲೂ ಇಟ್ಟ. ಮಿಲ್ಲು ರಜೆಯಲ್ಲಿದ್ದರೂ ಔಷಧಿ ತಪ್ಪಿಸಬಾರದು ಎಂಬುದು ಅವನ ನಂಬಿಕೆ. ಮಾರನೆಯ ದಿನ ವಿಜಯದಶಮಿ. ಮನೆಮಂದಿಯೆಲ್ಲ ಜಂಬೂಸವಾರಿ ನೋಡಲು ಬೆಳಿಗ್ಗೆಯೇ ಹೊರಟರು. ಚಿಕ್ಕಣ್ಣ, “ಎಪ್ಪತ್ತು ಸಲ ನೋಡಿವ್ನಿ, ಆನೆ ಅದೇಯ” ಎಂದು ಹೇಳಿ ಮಿಲ್ಲಿನ ಬೆಂಚಿನ ಮೇಲೆ ಒರಗಿದ.

ದಸರಾ ಕಳೆದ ಮೂರನೆಯ ದಿನ, ಹಬ್ಬದ ರಜೆ ಮುಗಿದು ಮಿಲ್ಲಿನ ಬಾಗಿಲು ತೆಗೆಯುತ್ತಲೇ, ಕರೆಂಟ್ ಆಫೀಸಿನ ಎಂಜಿನಿಯರ್ ಶುಭಾ ಮೇಡಂ ಜೀಪಿನಿಂದ ಇಳಿದರು. ಕೈಯಲ್ಲಿ ಇಕ್ಕಳದಂಥ ಬಾಯಿಯ ಮೀಟರು. ಹಿಂದೆ ಕಟಿಂಗ್ ಪ್ಲೇಯರ್ ಹಿಡಿದ ಲೈನ್‌ಮನ್. ಬೀದಿಯೆಲ್ಲ ಬಾಗಿಲಲ್ಲಿ ನಿಂತಿತ್ತು. ಅಂದು ಮಂಡಕಳ್ಳಿಯಿಂದ ಊರೊಳಕ್ಕೆ ಯಾವ ಪ್ಯಾಸೆಂಜರೂ ಇಲ್ಲದಿದ್ದರೂ ಮಹದೇವನ ಟ್ಯಾಕ್ಸಿ ಮೂಲೆಯಲ್ಲಿತ್ತು.

“ಮಿಲ್ಲು ಹಾಕಿ” ಎಂದರು ಮೇಡಂ.

ಮರಿಯಯ್ಯ ಸೊಂಟದ ಕೀ ಗೊಂಚಲನ್ನು ಒಂದು ಸಲ ಮುಟ್ಟಿಕೊಂಡ. ಇನ್ನು ಮುಟ್ಟುವ ಯೋಗ ಇರುತ್ತದೋ ಇಲ್ಲವೋ. ಸ್ವಿಚ್ಚು ಒತ್ತಿ ಕಣ್ಣು ಮುಚ್ಚಿದ. ಮೋಟಾರು ಎದ್ದಿತು. ಗುಯ್ ಎಂಬ ಸದ್ದಿಲ್ಲ. ಅವನು ಒಂದು ಕಣ್ಣು ತೆರೆದ.

“ಪಾಯಿಂಟ್ ತೊಂಬತ್ತೊಂದು” ಎಂದರು ಮೇಡಂ. ಇಕ್ಕಳವನ್ನು ಉಳಿದ ಮೂರು ಕೆಪಾಸಿಟರುಗಳ ಹೂವಿನಡಿಯ ತಂತಿಗೆ ಕಚ್ಚಿಸಿದರು. “ಅರೆ! ಕೆಪಾಸಿಟರ್ ಲೈನಲ್ಲಿ ಕರೆಂಟೇ ಇಲ್ವಲ್ಲ. ನೀವೇ ಡಿಸ್ಕನೆಕ್ಟ್ ಮಾಡಿದ್ರಾ?”

ಮರಿಯಯ್ಯನಿಗೆ ತಲೆಬುಡ ಗೊತ್ತಿರಲಿಲ್ಲ. ಆದರೆ ಮೇಡಂ ಅವರ ದನಿಯಲ್ಲಿದ್ದದ್ದು ಬೈಗುಳವಲ್ಲ ಎಂಬುದು ಗೊತ್ತಾಯಿತು. ಇಪ್ಪತ್ತೆರಡು ವರ್ಷ ಮನೆ ಅಳಿಯನಾಗಿದ್ದವನಿಗೆ ದನಿಯ ಪರಿಚಯ ಚೆನ್ನಾಗಿರುತ್ತದೆ.

“ಹೂಂ ಮೇಡಂ” ಎಂದ.

“ವೆರಿ ಗುಡ್! ಡ್ರೈವ್ ಇರೋ ಕಡೆಯೆಲ್ಲ ಜನ ಕೆಪಾಸಿಟರ್ ಹಾಕಿ ಹಾಕಿ ಸುಟ್ಕೊಳ್ತಾರೆ. ಹಾರ್ಮೋನಿಕ್ಸ್ ಅಂದ್ರೆ ಏನಂತ ತಿಳ್ಕೊಂಡು ತೆಗೆದೋರನ್ನ ನಾನು ಇದೇ ಫಸ್ಟ್ ನೋಡ್ತಿರೋದು. ಒಂದು ಚೋಕ್ ಹಾಕ್ಸಿಬಿಡಿ, ಇನ್ನೂ ಏರುತ್ತೆ.”

“ಅದನ್ನೇ ಅಂದ್ಕೊಂಡಿದ್ದೆ ಮೇಡಂ. ಕಲ್ಲು ಕುಲುಕ್ತಿತ್ತು ನೋಡಿ, ಐದು ಸಲ, ಏಳು ಸಲ.”

ಮೇಡಂ ಮೆಚ್ಚಿ ತಲೆದೂಗಿದರು. ಕುಮಾರಸ್ವಾಮಿಗೆ ತಡೆಯಲಾಗಲಿಲ್ಲ. “ಮೇಡಂ, ನಮ್ ಬೀದಿ ಕರೆಂಟು ಕೆಡಿಸಿದ್ದು ಈ ಮಿಲ್ಲೇ ತಾನೆ?” ಎಂದ. ಮೇಡಂ ಮಿಲ್ಲು ನಿಲ್ಲಿಸಿ, ಕಂಬದ ಹತ್ತಿರ ಮತ್ತೊಮ್ಮೆ ಅಳೆದರು.

“ಮಿಲ್ಲು ನಿಂತಿದ್ರೂ ಕುಲುಕಾಟ ಸ್ವಲ್ಪ ಇದ್ದೇ ಇದೆಯಲ್ರೀ. ನಿಮ್ಮ ಅಂಗಡಿ ಯುಪಿಎಸ್ಸು, ಮನೆಗಳ ಇನ್ವರ್ಟರು, ಸ್ಕೂಟರ್ ಚಾರ್ಜರು, ಇನ್ನೂ ಬಿಚ್ಚದೆ ಇರೋ ಈ ದಸರಾ ಸೀರಿಯಲ್ ಸೆಟ್ಟು, ಎಲ್ಲಾ ಗಬಕ್ ಅಂತ ಕಿತ್ಕೊಳ್ಳೋವೇ. ಎಲ್ಲರದ್ದೂ ಅಳೀಲಾ?”

ಒಲೆ ಮೇಲೆ ಹಾಲಿಟ್ಟದ್ದು ಚಾಮುಂಡೇಶ್ವರಿಗೆ ನೆನಪಾಯಿತು. ಅಂಗಡಿಗೆ ಗಿರಾಕಿ ಬಂದದ್ದು ಕುಮಾರಸ್ವಾಮಿಗೆ ಕಂಡಿತು. ಎರಡು ನಿಮಿಷದಲ್ಲಿ ಬೀದಿ ಖಾಲಿ. ಅರವತ್ತು ಜೆರಾಕ್ಸು ಪ್ರತಿಗಳು ಆ ವಾರವೆಲ್ಲ ಬಜ್ಜಿ ಕಟ್ಟಲು ಉಪಯೋಗಕ್ಕೆ ಬಂದವು.

ಆದರೆ ಮೇಡಂ ಹೋಗುವಾಗ ಒಂದು ಮಾತು ಹೇಳಿಹೋದರು: ಬರುವ ಶನಿವಾರ ಸಮುದಾಯ ಭವನದಲ್ಲಿ ಗ್ರಾಹಕರ ಸಭೆ, ಮರಿಯಯ್ಯನವರು ನಾಲ್ಕು ಮಾತಾಡಬೇಕು. ಮೊದಲ ದಿನ ಮರಿಯಯ್ಯ ಇದು ಪೂಜೆಯ ಫಲವೆಂದುಕೊಂಡ. ಎರಡನೆಯ ದಿನ ತಾನೇ ಯಾವಾಗಲೋ ತಂತಿ ಬಿಚ್ಚಿರಬಹುದೆಂದುಕೊಂಡ. ಶುಕ್ರವಾರದ ಹೊತ್ತಿಗೆ, ಯಾವಾಗ ಬಿಚ್ಚಿದ್ದು, ಯಾಕೆ ಬಿಚ್ಚಿದ್ದು, ಬಿಚ್ಚುವಾಗ ಏನು ಯೋಚಿಸಿದ್ದು ಎಲ್ಲವೂ ಅವನಿಗೆ ಸ್ಪಷ್ಟವಾಗಿ ನೆನಪಿತ್ತು. ಪೆಟ್ಟಿಗೆಯ ಬಾಗಿಲು ತೆರೆದು ನೋಡುವ ಗೋಜಿಗೆ ಮಾತ್ರ ಹೋಗಲಿಲ್ಲ.

ಶನಿವಾರ ಸಮುದಾಯ ಭವನ ತುಂಬಿತ್ತು. ಅರ್ಜಿ ಬರೆದ ಕೈಯಿಂದಲೇ ಕುಮಾರಸ್ವಾಮಿ ಅಭಿನಂದನಾ ಪತ್ರ ಬರೆದು, ‘ಕುಂಬಾರಕೊಪ್ಪಲಿನ ವಿದ್ಯುತ್ ರತ್ನ’ ಎಂದು ಓದಿದ. ಮೈಸೂರು ಪೇಟ, ಶಾಲು, ಹಾರ. ವೇದಿಕೆಯಲ್ಲಿ ಶುಭಾ ಮೇಡಂ, ಪಕ್ಕದಲ್ಲಿ ಹಿರಿಯರೆಂದು ಕೂರಿಸಿದ ಚಿಕ್ಕಣ್ಣ. ಮೊದಲ ಸಾಲಿನಲ್ಲಿ ಚೆಲುವಮ್ಮ ರೇಷ್ಮೆ ಸೀರೆ ಉಟ್ಟು, ಕಣ್ಣೊರೆಸಿಕೊಳ್ಳುತ್ತಾ ಕೂತಿದ್ದಳು. ಎರಡನೆಯದರಲ್ಲಿ ಲಕ್ಷ್ಮೀನರಸಿಂಹ ಮೇಷ್ಟ್ರು. ಮಹದೇವ ಬಾಗಿಲ ಹತ್ತಿರ.

“ಬಂಧುಗಳೇ,” ಎಂದ ಮರಿಯಯ್ಯ, ಮೈಕನ್ನು ನುಂಗುವಷ್ಟು ಹತ್ತಿರ ಹಿಡಿದು, “ಕೆಪಾಸಿಟರ್ ಹಾಕೋದು ಯಾರಾದ್ರೂ ಮಾಡ್ತಾರೆ. ತೆಗೆಯೋದಿಕ್ಕೆ ಎದೆಗಾರಿಕೆ ಬೇಕು! ಹದಿನೈದು ದಿನ ನಾನು ಊಟ ಬಿಟ್ಟೆ. ಯೋಚನೆ ಮಾಡ್ದೆ. ಎಲ್ಲಾರೂ ಹಾಕು ಹಾಕು ಅಂತಾರೆ, ಆದ್ರೆ ನನ್ ಮನಸ್ಸು ಹೇಳ್ತು, ಮರಿಯಯ್ಯ, ಕಲ್ಲು ಕುಲುಕ್ತಾ ಇದೆ, ಕೀಳು ಅಂತ. ಈ ಕೈಯಾರೆ, ಇದೇ ಕೈಯಾರೆ...”

ಚಪ್ಪಾಳೆ ಬಿತ್ತು. ಭಾಷಣ ಉದ್ದವಾಗುವ ಲಕ್ಷಣ ಕಂಡು ಚಿಕ್ಕಣ್ಣ ಎಲೆಅಡಿಕೆ ಚೀಲ ತೆಗೆದ. ಸುಣ್ಣದ ಡಬ್ಬಿಗಾಗಿ ತಡಕಾಡಿದ, ಸಿಗಲಿಲ್ಲ. ಚೀಲವನ್ನು ತಲೆಕೆಳಗು ಮಾಡಿ ಮೇಜಿನ ಮೇಲೆ ಕೊಡವಿದ. ಎರಡು ಎಲೆ, ಮೂರು ಅಡಿಕೆ, ಅಡಕತ್ತರಿ, ಸುಣ್ಣದ ಡಬ್ಬಿ ಬಿದ್ದವು. ಅವುಗಳ ಹಿಂದೆಯೇ ಠಣ್ ಠಣ್ ಠಣ್ ಎಂದು ಬಿಳೀ ಪಿಂಗಾಣಿಯ ಮೂರು ಫ್ಯೂಸುಗಳು ಬಿದ್ದು ಉರುಳಿದವು. ಒಂದು ಶುಭಾ ಮೇಡಂ ಅವರ ಕೈಗೆ ತಾಗಿ ನಿಂತಿತು. ಅದರ ಮೇಲೆ ಆಯುಧಪೂಜೆಯ ವಿಭೂತಿ ಇನ್ನೂ ಮಾಸಿರಲಿಲ್ಲ.

“ಇದೇನು ತಾತ?”

“ಫ್ಯೂಸು ಕಣವ್ವ. ಮೆರವಣಿಗೆ ದಿನ ಎಲ್ರೂ ಆನೆ ನೋಡಾಕೆ ಒಂಟೋದ್ರು. ಒಸಿ ಮನೀಕಳವ ಅಂದ್ರೆ ಆ ಡಬ್ಬ ಗುಯ್ ಅಂತಾನೇ ಇತ್ತು. ಮೇಷ್ಟ್ರು ಬ್ಯಾರೆ ತಗದಾಕು ಅಂದಿದ್ರಲ್ಲ. ಮೈನು ಆರಿಸ್ಬುಟ್ಟು ಕಿತ್ತು ಚೀಲಕ್ಕಾಕ್ಕೊಂಡೆ.” ಚಿಕ್ಕಣ್ಣ ಸುಣ್ಣದ ಡಬ್ಬಿಯ ಮುಚ್ಚಳ ತೆಗೆದ. “ಚೆಂದಾಗಿ ನಿದ್ದೆ ಬಂತು.”

ಮೈಕು ಚಾಲೂ ಇತ್ತು. ಬಾಗಿಲ ಹತ್ತಿರ ನಿಂತ ಮಹದೇವನಿಗೂ ಒಂದೊಂದು ಅಕ್ಷರ ಕೇಳಿಸಿತು. ಚಾಮುಂಡೇಶ್ವರಿ ನಕ್ಕದ್ದೇ ನೆಪ, ಭವನಕ್ಕೆ ಭವನವೇ ನಕ್ಕಿತು; ಅಭಿನಂದನಾ ಪತ್ರ ಬರೆದ ಕುಮಾರಸ್ವಾಮಿ ಎಲ್ಲರಿಗಿಂತ ಜೋರಾಗಿ ನಕ್ಕ. ನಗದೆ ಇದ್ದವಳು ಚೆಲುವಮ್ಮ ಒಬ್ಬಳೇ.

ಮರಿಯಯ್ಯ ಪೇಟ ತೆಗೆದ. ಸೊಂಟದಿಂದ ಕೀ ಗೊಂಚಲು ಬಿಚ್ಚಿ, ಎರಡೂ ಕೈಯಲ್ಲಿ ಹಿಡಿದು ಮಾವನ ಮುಂದೆ ಚಾಚಿದ. “ತಪ್ಪಾಯ್ತು ಮಾವ” ಎಂದ. ಅಷ್ಟೂ ಹೊತ್ತಿನ ಭಾಷಣದಲ್ಲಿ ಅದೊಂದೇ ಅವನ ಸ್ವಂತದ ಮಾತು. ಬಾಗಿಲ ಹತ್ತಿರ ಮಹದೇವ ಎರಡು ಹೆಜ್ಜೆ ಮುಂದೆ ಬಂದ.

ಚಿಕ್ಕಣ್ಣ ಕೀ ಗೊಂಚಲನ್ನೂ ನೋಡಿದ, ಅಳಿಯನ ಮುಖವನ್ನೂ ನೋಡಿದ. ಮೂರು ಫ್ಯೂಸುಗಳನ್ನು ಒಂದೊಂದಾಗಿ ಹೆಕ್ಕಿ, ಟವಲಿನಿಂದ ಒರೆಸಿ, ಚೀಲಕ್ಕೆ ಹಾಕಿ ದಾರ ಎಳೆದ.

“ಒಂದು ದಿನಾನೂ ಮಿಲ್ಲು ನಿಲ್ನಿಲ್ಲವಲ್ಲ, ಕೀ ನೀನೇ ಮಡಿಕೋ ಅಳಿಮಯ್ಯ” ಎಂದ. “ಫ್ಯೂಸು ನನ್ತಾವೇ ಇರ್ಲಿ.”